ಹಳೆಯ ಅದ್ಭುತ ಕಥೆಗಳ ಪುಸ್ತಕ ಕೂಡಿಸಿ, ಅವುಗಳ ಸಿನಿಮಾ ನೋಡುವ ಬಗೆ: ಹುಬ್ಬಳ್ಳಿ-ಧಾರವಾಡ ಸೀಮೆಯ ಓದುಗರಿಗೊಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ರದ್ದಿ ಅಂಗಡಿಗೆ ಹೋಗಿ ‘ಫ್ಯಾಂಟಸಿ ಪುಸ್ತಕಗಳಿವೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುವ ಸಾಧ್ಯತೆ ಹೆಚ್ಚು. ಅದೇ ಅಂಗಡಿಯಲ್ಲಿ ‘ಹಳೆಯ ಚಂದಮಾಮ ಇದೆಯೇ, ಬತ್ತೀಸ ಪುತ್ಥಳಿಯ ಕಥೆ, ಬೇತಾಳನ ಕಥೆ, ದೊಡ್ಡಾಟದ ಪುಸ್ತಕ ಇದೆಯೇ’ ಎಂದು ಕೇಳಿ ನೋಡಿ. ಮೂಲೆಯ ಕಟ್ಟುಗಳ ಕಡೆ ಕೈ ತೋರಿಸುತ್ತಾರೆ. ನಮ್ಮ ಕಡೆ ಮಾಂತ್ರಿಕರು, ಹಾರುವ ಕುದುರೆಗಳು, ನಾಗಲೋಕಗಳು ‘ಫ್ಯಾಂಟಸಿ’ ಎಂಬ ಹೆಸರಿನ ಕಪಾಟಿನಲ್ಲಿ ಎಂದೂ ಇರಲಿಲ್ಲ. ಮಕ್ಕಳ ಮಾಸಿಕ, ಪುರಾಣ, ನಾಟಕ, ಜನಪದ ಎಂಬ ಬೇರೆ ಬೇರೆ ಕಪಾಟುಗಳಲ್ಲಿ ಹಂಚಿಹೋಗಿದ್ದವು. ಆದ್ದರಿಂದ ಸಂಗ್ರಹದ ಮೊದಲ ಕೆಲಸ ಹುಡುಕಾಟವಲ್ಲ, ಏನನ್ನು ಹುಡುಕಬೇಕೆಂಬ ಪಟ್ಟಿ.

ಮೊದಲ ಹೆಜ್ಜೆ: ಜೋಡಿಗಳ ಪಟ್ಟಿ ಮಾಡಿಕೊಳ್ಳಿ

ಕಂಡದ್ದನ್ನೆಲ್ಲ ಕೊಳ್ಳುವವರ ಮನೆಯಲ್ಲಿ ಆರು ತಿಂಗಳಲ್ಲಿ ರದ್ದಿಯೇ ತುಂಬುತ್ತದೆ. ನನ್ನ ಸಲಹೆ ಒಂದೇ: ಪುಸ್ತಕವನ್ನು ಒಂಟಿಯಾಗಿ ಕೊಳ್ಳಬೇಡಿ, ಸಿನಿಮಾದೊಂದಿಗೆ ಜೋಡಿ ಮಾಡಿ ಕೊಳ್ಳಿ. ಎಡಗಡೆ ಪುಸ್ತಕ, ಬಲಗಡೆ ಅದರಿಂದ ಹುಟ್ಟಿದ ಸಿನಿಮಾ ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಂಡರೆ ಸಂಗ್ರಹಕ್ಕೆ ತಾನಾಗಿಯೇ ಒಂದು ಗಡಿ ಬೀಳುತ್ತದೆ, ಜೇಬಿಗೂ ಒಂದು ಲಗಾಮು ಬೀಳುತ್ತದೆ.

ಕನ್ನಡದ ಜೋಡಿಗಳಿಂದಲೇ ಆರಂಭಿಸಿ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ನಾವು ಪಠ್ಯಪುಸ್ತಕದ ಷಟ್ಪದಿಯೆಂದು ಓದಿ ಮರೆತಿದ್ದೇವೆ. ಅದರ ಮೂವತ್ನಾಲ್ಕು ಸಂಧಿಗಳಲ್ಲಿ ಸ್ತ್ರೀರಾಜ್ಯದ ಪ್ರಮೀಳೆ, ಕಾಯುವ ಎಣ್ಣೆಯ ಕೊಪ್ಪರಿಗೆಯಿಂದ ಬದುಕಿ ಬರುವ ಸುಧನ್ವ, ಸತ್ತವನನ್ನು ಎಬ್ಬಿಸುವ ನಾಗಲೋಕದ ಮಣಿ ಎಲ್ಲವೂ ಇವೆ. ಇದರಿಂದ ಎರಡು ಸಿನಿಮಾಗಳ ಜೋಡಿ ಸಿಗುತ್ತದೆ: ಬಿ.ಎಸ್. ರಂಗಾ ಅವರ ‘ಚಂದ್ರಹಾಸ’ (1965), ಹುಣಸೂರು ಕೃಷ್ಣಮೂರ್ತಿ ಅವರ ‘ಬಭ್ರುವಾಹನ’ (1977). ಎರಡನೆಯದರಲ್ಲಿ ರಾಜಕುಮಾರ್ ಅಪ್ಪನೂ ಹೌದು, ಮಗನೂ ಹೌದು. ಷಟ್ಪದಿ ಕಷ್ಟವೆನಿಸಿದರೆ ಗದ್ಯಾನುವಾದವಿರುವ ಆವೃತ್ತಿ ಹುಡುಕಿ. ಆದರೆ ಯುದ್ಧದ ಒಂದೆರಡು ಸಂಧಿಗಳನ್ನಾದರೂ ಮೂಲದಲ್ಲೇ ಗಟ್ಟಿಯಾಗಿ ಓದಿ. ಸಿನಿಮಾದ ಅಬ್ಬರದ ಸಂಭಾಷಣೆಗೆ ಆ ಲಯದ ನೆರಳಿದೆ ಎಂಬುದು ಆಗ ಕಿವಿಗೇ ತಿಳಿಯುತ್ತದೆ.

ಎರಡನೆಯ ಜೋಡಿ ನಮ್ಮ ಮನೆಯಂಗಳದ್ದೇ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ ಧಾರವಾಡದ ಮನೋಹರ ಗ್ರಂಥಮಾಲೆಯ ಪ್ರಕಟಣೆ, ಟಿ.ಎಸ್. ನಾಗಾಭರಣ ಅದನ್ನು 1997ರಲ್ಲಿ ಸಿನಿಮಾ ಮಾಡಿದರು. ನಾಟಕ ಆರಂಭವಾಗುವುದೇ ಒಂದು ಪಾಳು ಗುಡಿಯಲ್ಲಿ. ರಾತ್ರಿ ಊರಿನ ಮನೆಗಳ ದೀಪಗಳು ಆರಿದ ಮೇಲೆ ಜ್ವಾಲೆಗಳು ಅಲ್ಲಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಕಥೆಯೇ ಸೀರೆಯುಟ್ಟ ಹೆಂಗಸಾಗಿ ಒಳಗೆ ಬರುತ್ತದೆ. ಇದನ್ನು ಓದಿಕೊಂಡು ಸಿನಿಮಾಕ್ಕೆ ಕುಳಿತರೆ, ಜ್ವಾಲೆಗಳ ಈ ಪ್ರಸಂಗವನ್ನು ಕ್ಯಾಮೆರಾ ಏನು ಮಾಡಿತು, ಕೊನೆಯಲ್ಲಿ ನಾಗನ ಗತಿ ಏನಾಯಿತು ಎಂಬ ಎರಡು ಪ್ರಶ್ನೆಗಳು ಸಿದ್ಧವಾಗಿರುತ್ತವೆ. ಇದರ ಜೊತೆಗೆ ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿದ ಜನಪದ ಕಥೆಗಳನ್ನೂ ಇಟ್ಟುಕೊಳ್ಳಿ. ಎರಡು ಕೊಡ ನೀರಿನಿಂದ ಹೂವಿನ ಗಿಡವಾಗಿ ಮತ್ತೆ ಮನುಷ್ಯಳಾಗುವ ಹುಡುಗಿಯ ಕಥೆ ಅವರಿಂದಲೇ ಕಾರ್ನಾಡರಿಗೆ ಸಿಕ್ಕಿ, 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಸಿನಿಮಾ ಆಯಿತು.

ಮೂರನೆಯದು ಚಂದಮಾಮದ ಕೊಂಡಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಮಾಸಿಕ ಮರುವರ್ಷವೇ ಕನ್ನಡಕ್ಕೆ ಬಂತು. ಅದೇ ಇಬ್ಬರ ವಿಜಯಾ ಸಂಸ್ಥೆಯಿಂದ ಕೆ.ವಿ. ರೆಡ್ಡಿ ನಿರ್ದೇಶನದ ‘ಪಾತಾಳ ಭೈರವಿ’ (1951) ಮತ್ತು ‘ಮಾಯಾಬಜಾರ್’ (1957) ಬಂದವು. ಮೊದಲನೆಯದರ ಬೇರು ಮಧಿರ ಸುಬ್ಬನ್ನ ದೀಕ್ಷಿತರ ತೆಲುಗು ‘ಕಾಶೀ ಮಜಿಲೀ ಕಥೆಗಳ’ಲ್ಲಿದೆ, ಎರಡನೆಯದರ ಶಶಿರೇಖೆಯ ಮದುವೆ ವ್ಯಾಸಭಾರತದಲ್ಲಿ ಇಲ್ಲವೇ ಇಲ್ಲ, ಜನರ ಬಾಯಲ್ಲಿ ಬೆಳೆದದ್ದು. ಒಂದೇ ಯಜಮಾನರ ಮಾಸಿಕದ ಚಿತ್ರಗಳನ್ನೂ ಸಿನಿಮಾದ ಸೆಟ್ಟುಗಳನ್ನೂ ಅಕ್ಕಪಕ್ಕ ಇಟ್ಟು ನೋಡುವ ಸುಖವೇ ಬೇರೆ. 1985ರಲ್ಲಿ ದೂರದರ್ಶನದಲ್ಲಿ ಬಂದ ‘ವಿಕ್ರಮ್ ಔರ್ ಬೇತಾಲ್’ ಧಾರಾವಾಹಿಯನ್ನೂ ಈ ಸಾಲಿಗೆ ಸೇರಿಸಬಹುದು.

ಹೊರದೇಶದ ಜೋಡಿಗಳನ್ನು ನಾಲ್ಕೈದಕ್ಕೆ ನಿಲ್ಲಿಸಿ. ಫ್ರಾಂಕ್ ಬಾಮ್ ಅವರ ಓಜ್ ಕಥೆ (1900) ಮತ್ತು ಅದರ 1939ರ ಸಿನಿಮಾ ಇರಲಿ: ಪುಸ್ತಕದಲ್ಲಿ ಹುಡುಗಿಯ ಪಾದರಕ್ಷೆ ಬೆಳ್ಳಿಯದು, ಸಿನಿಮಾದಲ್ಲಿ ಮಾಣಿಕ್ಯದ ಕೆಂಪು. ಆಗಿನ ಹೊಸ ಟೆಕ್ನಿಕಲರ್‌ನಲ್ಲಿ ಬಣ್ಣ ಎದ್ದು ಕಾಣಲೆಂದು ಮಾಡಿದ ಬದಲಾವಣೆ ಅದು. ಟೋಲ್ಕಿನ್ನರ ಮೂರು ಸಂಪುಟಗಳು (1954-55) ಮತ್ತು ಪೀಟರ್ ಜಾಕ್ಸನ್ನರ ಮೂರು ಸಿನಿಮಾಗಳು (2001-2003) ಬೇಡವೆಂದರೂ ಬರುತ್ತವೆ. ಮಿಕಾಯೆಲ್ ಎಂಡೆ 1979ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರತಂದ ‘ಮುಗಿಯದ ಕಥೆ’ಯ 1984ರ ಸಿನಿಮಾ ಪುಸ್ತಕದ ಅರ್ಧಕ್ಕೇ ನಿಲ್ಲುತ್ತದೆ, ಲೇಖಕರು ಅದರ ಮೇಲೆ ಸಿಟ್ಟಾಗಿದ್ದರು. ಡಯಾನಾ ವಿನ್ ಜೋನ್ಸ್ ಅವರ ನಡೆದಾಡುವ ಕೋಟೆಯ ಕಾದಂಬರಿ (1986) ಮತ್ತು ಮಿಯಾಜಾಕಿಯ 2004ರ ಸಿನಿಮಾ ನನ್ನ ಲೆಕ್ಕದಲ್ಲಿ ಇವುಗಳಲ್ಲೆಲ್ಲ ಮೇಲು. ಅಲ್ಲಿ ಸಿನಿಮಾ ಪುಸ್ತಕಕ್ಕೆ ವಿಧೇಯವಾಗಿಲ್ಲ, ಆದರೂ ಎರಡೂ ಗೆಲ್ಲುತ್ತವೆ.

ಎರಡನೆಯ ಹೆಜ್ಜೆ: ಹುಡುಕುವ ಜಾಗಗಳು

ಧಾರವಾಡದಲ್ಲಿ ಸುಭಾಸ ರಸ್ತೆಯಿಂದ ಆರಂಭಿಸಿ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇರುವುದು ಅಲ್ಲಿಯೇ. ನಾಟಕಗಳ ಹಳೆಯ ಮುದ್ರಣಗಳ ಬಗ್ಗೆ ವಿಚಾರಿಸಲು ಮೊದಲು ಏರಬೇಕಾದ ಮೆಟ್ಟಿಲು ಅದು. ಹುಬ್ಬಳ್ಳಿಯಲ್ಲಿ ಕೊಪ್ಪಿಕರ ರಸ್ತೆ, ದುರ್ಗದಬೈಲು ಸುತ್ತಲಿನ ಓಣಿಗಳನ್ನು ಕಾಲ್ನಡಿಗೆಯಲ್ಲೇ ಸುತ್ತಿ. ಬೈಕ್ ಮೇಲೆ ಹೋದರೆ ಸಣ್ಣ ಅಂಗಡಿಗಳು ಕಣ್ಣಿಗೇ ಬೀಳುವುದಿಲ್ಲ.

ಗದಗನ್ನು ತಪ್ಪಿಸಬೇಡಿ. ಕುಮಾರವ್ಯಾಸನ ಊರೆಂದು ಹೆಮ್ಮೆಪಡುವವರು ಅಲ್ಲಿನ ಶಾಬಾದಿಮಠ ಬುಕ್ ಡಿಪೋವನ್ನು ಮರೆಯುತ್ತಾರೆ. ಬಯಲಾಟ, ಸಣ್ಣಾಟ, ಭಜನೆ ಪದಗಳ ಅಗ್ಗದ ಪುಸ್ತಕಗಳು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಹೋದದ್ದು ಅಲ್ಲಿಂದ. ದೊಡ್ಡಾಟದ ರಾಕ್ಷಸರು, ಮಾಯಾಯುದ್ಧಗಳೆಲ್ಲ ಈ ತೆಳು ಪುಸ್ತಕಗಳಲ್ಲಿವೆ. ಆಟದ ತಾಲೀಮಿನಲ್ಲಿ ಕೈಯಿಂದ ಕೈಗೆ ಹೋಗಿ, ಎಣ್ಣೆ ಮೆತ್ತಿ, ಪಾತ್ರಧಾರಿಯ ಹೆಸರು ಪೆನ್ಸಿಲಿನಲ್ಲಿ ಬರೆದಿರುವ ಪ್ರತಿ ಸಿಕ್ಕರೆ ಹೊಸ ಪ್ರತಿಗಿಂತ ಅದನ್ನೇ ಆರಿಸಿ. ಸಂಗ್ರಾಹಕರು ಶುಭ್ರವಾದ ಪ್ರತಿಯನ್ನೇ ಬಯಸುತ್ತಾರೆ ಎಂಬ ಮಾತು ಇಂಥ ಪುಸ್ತಕಗಳಿಗೆ ಅನ್ವಯಿಸುವುದಿಲ್ಲ.

ಹಾವೇರಿ ಕಡೆ ಅಂಗಡಿಗಳಿಗಿಂತ ಮನೆಗಳು ಮುಖ್ಯ. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಸೀಮೆಯದು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಿಕ ಹೊರಡುತ್ತಿತ್ತು. ನಿವೃತ್ತ ಮಾಸ್ತರರ ಮನೆಗಳಲ್ಲಿ, ಹಳೆಯ ವಾಡೆಗಳ ಅಟ್ಟದಲ್ಲಿ ಟ್ರಂಕುಗಳಿರುತ್ತವೆ. ದೀಪಾವಳಿಯ ಮುಂಚೆ ಮನೆ ಸುಣ್ಣ ಬಳಿಯುವಾಗ, ಇಲ್ಲವೆ ಮನೆ ಪಾಲಾಗುವಾಗ ಆ ಟ್ರಂಕುಗಳು ಕೆಳಗಿಳಿಯುತ್ತವೆ. ರದ್ದಿ ಅಂಗಡಿಯ ಹಿರಿಯರಿಗೆ ‘ಕಾಕಾ, ಮಾಸಿಕಗಳ ಕಟ್ಟು ಬಂದರೆ ಬಿಚ್ಚುವ ಮೊದಲು ನನಗೊಂದು ಮಾತು ತಿಳಿಸಿರಿ’ ಎಂದು ಹೇಳಿ ಮೊಬೈಲ್ ಸಂಖ್ಯೆ ಬರೆದು ಕೊಡಿ. ತೂಕದ ದರಕ್ಕಿಂತ ಸ್ವಲ್ಪ ಹೆಚ್ಚು ಕೊಡುವವರೆಂದು ಗೊತ್ತಾದರೆ ಅವರೇ ಕರೆಯುತ್ತಾರೆ. ತೀರ ಹೆಚ್ಚು ಕೊಡಬೇಡಿ. ಮುಂದಿನ ಸಲ ಪ್ರತಿಯೊಂದು ಹರಿದ ಕಾಗದವೂ ‘ಆ್ಯಂಟಿಕ್’ ಆಗಿಬಿಡುತ್ತದೆ.

ಮೂರನೆಯ ಹೆಜ್ಜೆ: ಪುಸ್ತಕದ ವಯಸ್ಸು ಕಂಡುಹಿಡಿಯಿರಿ

ಮೊದಲ ಹಾಳೆಯೇ ಹರಿದುಹೋದ ಪುಸ್ತಕಗಳು ಬಹಳ. ಮುದ್ರಣದ ವರ್ಷವಿಲ್ಲದಿದ್ದರೂ ಪುಸ್ತಕ ತನ್ನ ವಯಸ್ಸನ್ನು ಬೇರೆ ಕಡೆ ಹೇಳಿಯೇ ಇರುತ್ತದೆ. ನಮ್ಮ ಸೀಮೆಯ ಪುಸ್ತಕಗಳಿಗೆ ಈ ಕೆಲಸ ಉಳಿದವುಗಳಿಗಿಂತ ಸುಲಭ, ಏಕೆಂದರೆ ನಮ್ಮ ವಿಳಾಸ ಪದೇ ಪದೇ ಬದಲಾಗಿದೆ.

ಬೆಲೆಯನ್ನು ಮೊದಲು ನೋಡಿ. ‘1-8-0’ ಎಂದು ರೂಪಾಯಿ-ಆಣೆ-ಪೈ ಲೆಕ್ಕದಲ್ಲಿದ್ದರೆ 1957ರ ಏಪ್ರಿಲ್‌ಗೆ ಹಿಂದಿನದು, ಹೆಚ್ಚೆಂದರೆ ಅದರ ಆಚೀಚಿನದು. ‘ನ.ಪೈ.’, ಅಂದರೆ ನಯೇ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ಬರಿಯ ‘ಪೈಸೆ’ ಎಂದಿದ್ದರೆ ಅದರ ನಂತರದ್ದು.

ಆಮೇಲೆ ವಿಳಾಸ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಆಮೇಲೆ ಮುಂಬಯಿ ರಾಜ್ಯದಲ್ಲಿ ಇದ್ದದ್ದು 1956ರ ನವೆಂಬರ್ 1ರವರೆಗೆ. ‘ಮೈಸೂರು ರಾಜ್ಯ’ ಎಂದಿದ್ದರೆ ಆ ದಿನದಿಂದ 1973ರ ನವೆಂಬರ್ 1ರವರೆಗಿನದು. ‘ಕರ್ನಾಟಕ ರಾಜ್ಯ’ ಎಂದಿದ್ದರೆ ಅದರ ನಂತರದ್ದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ ಅಚ್ಚಾದದ್ದು. ‘ಗದಗ, ಜಿಲ್ಲಾ ಧಾರವಾಡ’ ಅಥವಾ ‘ಹಾವೇರಿ, ಜಿಲ್ಲಾ ಧಾರವಾಡ’ ಎಂದಿದ್ದರೆ 1997ಕ್ಕೆ ಹಿಂದಿನದು, ಆ ವರ್ಷವೇ ಎರಡೂ ಪ್ರತ್ಯೇಕ ಜಿಲ್ಲೆಗಳಾದದ್ದು.

ಒಂದು ಉದಾಹರಣೆ ಹಿಡಿಯೋಣ. ಕೈಗೆ ಬಂದ ದೊಡ್ಡಾಟದ ಪುಸ್ತಕಕ್ಕೆ ಮುಖಪುಟವಿಲ್ಲ, ಮೊದಲ ಹಾಳೆಯಿಲ್ಲ. ಹಿಂಬದಿಯ ರಟ್ಟಿನ ಒಳಗೆ ‘ನಮ್ಮಲ್ಲಿ ದೊರೆಯುವ ಇತರ ಪುಸ್ತಕಗಳು’ ಎಂಬ ಪಟ್ಟಿ ಇದೆ, ಬೆಲೆಗಳೆಲ್ಲ ‘75 ನ.ಪೈ.’, ‘1-25’ ಎಂದಿವೆ, ಕೆಳಗೆ ‘ಗದಗ, ಜಿ. ಧಾರವಾಡ, ಮೈಸೂರು ರಾಜ್ಯ’ ಎಂದಿದೆ, ಪಿನ್‌ಕೋಡ್ ಇಲ್ಲ. ಅಲ್ಲಿಗೆ 1957-64ರ ಅವಧಿಯೆಂದು ಸೀಸಕಡ್ಡಿಯಲ್ಲಿ ಒಳರಟ್ಟಿನ ಮೂಲೆಗೆ ಬರೆಯಬಹುದು. ಒಂದೇ ಒಂದು ಎಚ್ಚರಿಕೆ: ಹಳೆಯ ರಟ್ಟುಗಳು ಉಳಿದಿದ್ದರೆ ಮುದ್ರಕರು ಅವನ್ನೇ ಹೊಸ ಮುದ್ರಣಕ್ಕೂ ಹಚ್ಚುತ್ತಿದ್ದರು. ಆದ್ದರಿಂದ ಒಂದೇ ಸುಳಿವನ್ನು ನಂಬಬೇಡಿ, ಎರಡು ಸುಳಿವು ಕೂಡಿದರೆ ಮಾತ್ರ ಬರೆಯಿರಿ.

ಚಂದಮಾಮಕ್ಕೆ ಇದೇ ಪರೀಕ್ಷೆಯನ್ನು ಬೇರೆ ಊರಿನ ಮೇಲೆ ಮಾಡಬೇಕು. ಅದು ಹೊರಡುತ್ತಿದ್ದ ಮದರಾಸಿನ ವಡಪಳನಿಯ ವಿಳಾಸ ‘ಮದರಾಸು-26’ ಎಂದಿದ್ದರೆ ಹಳೆಯದು, ‘600 026’ ಎಂದಿದ್ದರೆ 1972ರ ನಂತರದ್ದು, ‘ಚೆನ್ನೈ’ ಎಂದಿದ್ದರೆ 1996ರ ಈಚಿನದು. ಚಿತ್ರಗಳ ಮೂಲೆಯಲ್ಲಿ ‘ಚಿತ್ರಾ’, ‘ಶಂಕರ್’ ಎಂಬ ಸಹಿಗಳನ್ನು ನೋಡಿ. ಮರದ ಮೇಲಿನ ಬೇತಾಳನನ್ನು ನಮ್ಮೆಲ್ಲರ ತಲೆಯಲ್ಲಿ ಕೂರಿಸಿದವರು ಶಂಕರ್.

ಇಂಗ್ಲಿಷ್ ಪೇಪರ್‌ಬ್ಯಾಕ್‌ಗಳಲ್ಲಿ ಹಕ್ಕುಸ್ವಾಮ್ಯದ ಪುಟದ ಕೆಳಗೆ 10ರಿಂದ 1ರವರೆಗೆ ಅಂಕಿಗಳ ಸಾಲು ಇರುವುದುಂಟು. ಉಳಿದಿರುವ ಅತಿ ಸಣ್ಣ ಅಂಕಿಯೇ ಎಷ್ಟನೆಯ ಮುದ್ರಣ ಎಂಬುದಕ್ಕೆ ಉತ್ತರ. ಬ್ಯಾಲಂಟೈನ್ ಪ್ರಕಾಶನ 1969ರಿಂದ 1974ರವರೆಗೆ ಹೊರತಂದ ಫ್ಯಾಂಟಸಿ ಮಾಲೆಯ ಮುಖಪುಟದಲ್ಲಿ ಏಕಶೃಂಗಿ ಕುದುರೆಯ ತಲೆಯ ಮುದ್ರೆಯಿದೆ. ಅದು ಕಂಡರೆ ಲೇಖಕರ ಹೆಸರು ಓದುವ ಮೊದಲೇ ಎತ್ತಿಕೊಳ್ಳಿ. ಇನ್ನೊಂದು ಮೋಜಿನ ಸಂಗತಿ: ಅಮರ ಚಿತ್ರಕಥೆಯ ಇಂಗ್ಲಿಷ್ ‘ಕೃಷ್ಣ’ದ ಮೇಲೆ ಇದ್ದ ಸಂಖ್ಯೆ 11. ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಿನ್ನರ ಕಥೆಗಳಿಗೆ ಹೋಗಿದ್ದವು. ಆ ಹತ್ತರಲ್ಲಿ ಒಂದು ಸಿಕ್ಕರೂ ಅದು ಅದ್ಭುತ ಕಥೆಗಳ ಕಪಾಟಿಗೇ ಸೇರಬೇಕಾದದ್ದು.

ನಾಲ್ಕನೆಯ ಹೆಜ್ಜೆ: ಹಣ ಕೊಡುವ ಮೊದಲು

ಪುಸ್ತಕವನ್ನು ಬೆನ್ನಿನಿಂದ ಹಿಡಿದು ಮೆಲ್ಲಗೆ ಬಿಡಿಸಿ. ಮಾಸಿಕವಾದರೆ ನಡುಹಾಳೆಯ ಪಿನ್ನು ತುಕ್ಕು ಹಿಡಿದಿದೆಯೇ, ಆ ಹಾಳೆ ಕಿತ್ತು ಹೋಗಿದೆಯೇ ನೋಡಿ. ಪುಟಸಂಖ್ಯೆಗಳನ್ನು ಎಣಿಸಿ. ಬೈಂಡ್ ಮಾಡಿಸಿದ ಚಂದಮಾಮದ ಸಂಪುಟಗಳಲ್ಲಿ ಬೈಂಡಿಂಗಿನವರು ಮುಖಪುಟಗಳನ್ನು ತೆಗೆದುಹಾಕಿರುವುದು ಸಾಮಾನ್ಯ, ಅಂಚು ಕತ್ತರಿಸುವಾಗ ಚಿತ್ರದ ಸಹಿಯೇ ಹೋಗಿರುವುದೂ ಉಂಟು. ಆದರೂ ಧಾರಾವಾಹಿಯ ಕಂತುಗಳು ಒಂದೂ ತಪ್ಪದೆ ಇದ್ದರೆ ಮುಖಪುಟವಿಲ್ಲದ ಸಂಪುಟವೇ ಲೇಸು. ನಡುವೆ ಎರಡು ಕಂತು ಇಲ್ಲದ ಕಥೆಯನ್ನು ಹುಡುಕುತ್ತ ವರ್ಷಗಟ್ಟಲೆ ಅಲೆದವರನ್ನು ನೋಡಿದ್ದೇನೆ.

ಮೂಗಿಗೂ ಕೆಲಸ ಕೊಡಿ. ಮುಗ್ಗಲು ವಾಸನೆ ಬಂದರೆ ಬೂಷ್ಟು ಹತ್ತಿದೆ. ಬೆನ್ನಿನ ಕೆಳಗೆ ಸಣ್ಣ ಮಣ್ಣಿನ ಗೆರೆಯಿದ್ದರೆ ಗೆದ್ದಲು. ಅಂಥದ್ದನ್ನು ಎಷ್ಟೇ ಅಪರೂಪವಾದರೂ ಉಳಿದವುಗಳ ಜೊತೆ ಒಂದೇ ಚೀಲದಲ್ಲಿ ತರಬೇಡಿ.

ಐದನೆಯ ಹೆಜ್ಜೆ: ಮನೆಗೆ ತಂದ ಮೇಲೆ

ಹೊಸದಾಗಿ ಬಂದ ಪುಸ್ತಕಕ್ಕೆ ಕೆಲವು ವಾರ ಪ್ರತ್ಯೇಕ ವಾಸ. ಹುಳ ಇದೆಯೆಂದು ಅನುಮಾನವಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು; ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಬೆನ್ನಿನಿಂದ ಹೊರಗಡೆಗೆ ಸರಿಸಿ. ತುಕ್ಕು ಹಿಡಿದ ಪಿನ್ನುಗಳನ್ನು ಬಿಡಿಸಿ ತೆಗೆದು, ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಗಂಟು ಹಾಕಿ.

ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರಗಳನ್ನೇ ನುಂಗುತ್ತದೆ. ಹರಿದಲ್ಲಿ ತೆಳು ಕಾಗದದ ಪಟ್ಟಿಗೆ ಮೈದಾ ಸರಿ ಸವರಿ ಅಂಟಿಸಿದರೆ ಸಾಕು, ಬೇಕಾದಾಗ ತೇವ ಮಾಡಿ ಬಿಡಿಸಲೂ ಬರುತ್ತದೆ. ಬಿಸಿಲಿಗೆ ಹರವಿ ಒಣಗಿಸುವ ರೂಢಿ ಹಪ್ಪಳಕ್ಕೆ ಸರಿ. ಅಗ್ಗದ ಕಾಗದ ಬಿಸಿಲಿನಲ್ಲಿ ಇನ್ನಷ್ಟು ಹಳದಿಯಾಗಿ ಮುರಿಯತೊಡಗುತ್ತದೆ. ಫ್ಯಾನಿನ ಕೆಳಗೆ ನೆರಳಲ್ಲಿ ಹರಡಿ. ಬೇವಿನ ಎಲೆ, ಬಜೆಯ ಬೇರನ್ನು ಅಜ್ಜಿಯರು ಇಡುತ್ತಿದ್ದಂತೆ ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಗಿಡಿ, ಪುಟಗಳ ನಡುವೆ ಬೇಡ. ಧಾರವಾಡದ ಮಳೆಗಾಲಕ್ಕೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸುವುದು ಅಗತ್ಯ. ಗದಗಿನ ಒಣಹವೆಯಲ್ಲಿ ಧೂಳಿನದೇ ಕಾಟ.

ಆರನೆಯ ಹೆಜ್ಜೆ: ಪೂರ್ತಿ ಸಿನಿಮಾ ನೋಡುತ್ತಿದ್ದೀರಾ ಎಂದು ಪರೀಕ್ಷಿಸಿ

ಹಳೆಯ ಸಿನಿಮಾಗಳು ಯೂಟ್ಯೂಬಿನಲ್ಲಿ ಹಕ್ಕುದಾರರ ವಾಹಿನಿಗಳಲ್ಲಿವೆ, ವಿಸಿಡಿ-ಡಿವಿಡಿಗಳಲ್ಲಿವೆ, ಟಿವಿಯಲ್ಲೂ ಬರುತ್ತವೆ. ತೊಂದರೆ ಸಿಗದಿರುವುದಲ್ಲ, ತುಂಡಾಗಿ ಸಿಗುವುದು. ಹಾಡೊಂದು, ಹಾಸ್ಯದ ಪ್ರಸಂಗವೊಂದು ಮಾಯವಾಗಿರುತ್ತದೆ. ನೀವು ‘ಸಿನಿಮಾದವರು ಇದನ್ನು ಬಿಟ್ಟಿದ್ದಾರೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ನಿರ್ದೇಶಕರಿಗೆ ಅನ್ಯಾಯ ಮಾಡುತ್ತೀರಿ.

ಇದಕ್ಕೆ ಮದ್ದು ಸಿನಿಮಾದ ಮೊದಲ ಚಿತ್ರಿಕೆಯಲ್ಲೇ ಇದೆ. ಸೆನ್ಸಾರ್ ಪ್ರಮಾಣಪತ್ರ ಕಂಡ ಕೂಡಲೇ ನಿಲ್ಲಿಸಿ, ಅದರಲ್ಲಿರುವ ಉದ್ದವನ್ನು ಬರೆದುಕೊಳ್ಳಿ. 35 ಮಿ.ಮೀ. ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಪ್ರಮಾಣಪತ್ರದಲ್ಲಿ 4,000 ಮೀಟರ್ ಎಂದಿದ್ದರೆ ಸಿನಿಮಾ ಹತ್ತಿರ ಹತ್ತಿರ 146 ನಿಮಿಷ ಇರಬೇಕು. 13,500 ಅಡಿ ಎಂದಿದ್ದರೆ 150 ನಿಮಿಷ. ನಿಮ್ಮ ಪ್ರತಿ 120 ನಿಮಿಷಕ್ಕೇ ಮುಗಿದರೆ ಅರ್ಧ ಗಂಟೆಯನ್ನು ಯಾರೋ ಕತ್ತರಿಸಿದ್ದಾರೆ. ಐದಾರು ನಿಮಿಷದ ವ್ಯತ್ಯಾಸಕ್ಕೆ ಗಾಬರಿಯಾಗಬೇಡಿ. ನಮ್ಮ ಟಿವಿ ಮತ್ತು ಡಿಸ್ಕುಗಳ ಪ್ಯಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 24ರ ಬದಲು 25 ಚಿತ್ರಿಕೆಗಳು ಓಡುವುದರಿಂದ 150 ನಿಮಿಷದ ಸಿನಿಮಾ 144ಕ್ಕೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ಕೊಂಚ ಏರಿರುತ್ತದೆ.

ವಿಸಿಡಿ ಕೊಳ್ಳುವಾಗ ಡಬ್ಬಿಯೊಳಗೆ ಡಿಸ್ಕುಗಳೆಲ್ಲ ಇವೆಯೇ ನೋಡಿ. ಒಂದು ಡಿಸ್ಕಿನಲ್ಲಿ ಹಿಡಿಯುವುದು 74-80 ನಿಮಿಷ ಮಾತ್ರ. ಎರಡೂವರೆ ಗಂಟೆಯ ಸಿನಿಮಾದ ಡಬ್ಬಿಯಲ್ಲಿ ಒಂದೇ ಡಿಸ್ಕ್ ಇದ್ದರೆ ಅಂಗಡಿಯಲ್ಲೇ ಕೇಳಿ.

ಏಳನೆಯ ಹೆಜ್ಜೆ: ಓದುವ, ನೋಡುವ ಕ್ರಮ

ಮೊದಲು ಪುಸ್ತಕ ಎಂಬುದು ನನ್ನ ನಿಯಮ, ಆದರೆ ಕುರುಡು ನಿಯಮವಲ್ಲ. ನಾಟಕ ಮತ್ತು ಕಾವ್ಯವನ್ನು ಮೊದಲು ಓದಲೇಬೇಕು. ರಾಜಕುಮಾರ್ ಅವರ ದನಿ ಒಮ್ಮೆ ಕಿವಿಯಲ್ಲಿ ಕೂತರೆ ಲಕ್ಷ್ಮೀಶನ ಅರ್ಜುನ ಆಮೇಲೆ ತನ್ನ ದನಿಯಲ್ಲಿ ಮಾತಾಡುವುದಿಲ್ಲ. ಟೋಲ್ಕಿನ್ನರ ಸಂಪುಟಗಳನ್ನು ಓದಲು ಹೊರಟು ನೂರು ಪುಟಕ್ಕೇ ನಿಂತವರು ಮಾತ್ರ ಸಂಕೋಚವಿಲ್ಲದೆ ಮೊದಲ ಸಿನಿಮಾ ನೋಡಿ ಪುಸ್ತಕಕ್ಕೆ ಮರಳಲಿ. ಹೆಸರುಗಳಿಗೆ ಮುಖ ಸಿಕ್ಕರೆ ಓದು ಸಾಗುತ್ತದೆ. ಮಕ್ಕಳಿಗೆ ಬೇತಾಳನ ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿ, ಕೊನೆಯ ಪ್ರಶ್ನೆಯ ಹತ್ತಿರ ನಿಲ್ಲಿಸಿ, ಅವರು ಉತ್ತರ ಕೊಟ್ಟ ಮೇಲೆಯೇ ಟಿವಿ ಹಚ್ಚಿ.

ಓದಿದ್ದಕ್ಕೂ ನೋಡುವುದಕ್ಕೂ ನಡುವೆ ಒಂದು ವಾರ ಬಿಡಿ. ಅದೇ ರಾತ್ರಿ ನೋಡಿದರೆ ತಪ್ಪು ಹುಡುಕುವುದೇ ಕೆಲಸವಾಗುತ್ತದೆ. ನೋಡಿದ ಮೇಲೆ ಬರೆಯಬೇಕಾದದ್ದು ಮೂರೇ: ಪುಸ್ತಕದಲ್ಲಿದ್ದು ಸಿನಿಮಾದಲ್ಲಿ ಇಲ್ಲದ್ದು, ಸಿನಿಮಾ ಹೊಸದಾಗಿ ಸೇರಿಸಿದ್ದು, ಮಾಯೆಯನ್ನು ತೋರಿಸಿದ ಉಪಾಯ. ಮೂರನೆಯದಕ್ಕೆ ಹೆಚ್ಚು ಜಾಗ ಕೊಡಿ. ‘ಮಾಯಾಬಜಾರ್’ನಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಕಪ್ಪು-ಬಿಳುಪಿನಲ್ಲೇ ಬೆಳದಿಂಗಳನ್ನು ತೋರಿಸಿದ್ದನ್ನು ನೋಡಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ದೀಪ ಮತ್ತು ಕ್ಯಾಮೆರಾಗಳಿಂದ ಏನೇನು ಮಾಡಬಹುದಿತ್ತು ಎಂಬುದು ಒಂದೊಂದೇ ದೃಶ್ಯ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ.

ನೋಟ್‌ಬುಕ್ಕಿನ ಕೊನೆಯ ಕೆಲವು ಪುಟಗಳನ್ನು ಎರಡೆರಡು ಪ್ರತಿ ಇರುವ ಪುಸ್ತಕಗಳ ಪಟ್ಟಿಗೆ ಮೀಸಲಿಡಿ. ಹುಬ್ಬಳ್ಳಿಯವರ ಬಳಿ ಹೆಚ್ಚಾಗಿರುವ ಚಂದಮಾಮದ ಸಂಚಿಕೆ ಗದಗಿನವರಿಗೆ ಬೇಕಾಗಿರುತ್ತದೆ, ಅವರ ಬಳಿಯ ಎರಡನೆಯ ದೊಡ್ಡಾಟದ ಪುಸ್ತಕ ನಿಮಗೆ ಬೇಕಾಗಿರುತ್ತದೆ. ಹೋಗುವಾಗ ಪಟ್ಟಿಯ ಫೋಟೋ ಮೊಬೈಲಿನಲ್ಲಿರಲಿ. ಅದಿಲ್ಲದೆ ಕಟ್ಟಿನ ಮುಂದೆ ಕುಳಿತವರು ಮನೆಯಲ್ಲಿರುವ ಸಂಚಿಕೆಯನ್ನೇ ಮತ್ತೆ ಕೊಂಡು ಬರುತ್ತಾರೆ.